ಹನ್ನೆರಡನೆಯ ಚೀಟಿ

ಆ ಊರಿನಲ್ಲಿ ಗೊಂಬೆಯ ಕಾರ್ಖಾನೆಯೊಂದಿತ್ತು. ಅದು ಇದ್ದಾಗ ಊರಿನವರು ಗೊಂಬೆ ಮಾಡುತ್ತಿದ್ದರು. ಮುಚ್ಚಿದ ಮೇಲೆ ಗೊಂಬೆಗಳ ಬಗ್ಗೆ ಮಾತಾಡತೊಡಗಿದರು. ಎರಡನೆಯದು ಹೆಚ್ಚು ಶ್ರಮದ ಕೆಲಸವೆಂದು ಎಲ್ಲರ ಅಭಿಪ್ರಾಯ.

ಕಾರ್ಖಾನೆ ಕೊನೆಗೆ ಮಾಡಿದ್ದು ಕೋಟೆ ಗೊಂಬೆಗಳನ್ನು. ಒಟ್ಟು ಹನ್ನೆರಡು. ರಾಣಿ, ಸೇನಾಪತಿ, ಕಹಳೆಯವನು, ವಿದೂಷಕ, ಹೀಗೆ. ಹನ್ನೆರಡನೆಯವನು ದ್ವಾರಪಾಲಕ. ಒಂದೊಂದು ಗೊಂಬೆಗೂ ಒಂದೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಚೀಟಿ, ಚೀಟಿಯಲ್ಲಿ ಕಥೆಯ ಒಂದು ತುಂಡು. ಮೊದಲನೆಯ ಚೀಟಿಯಲ್ಲಿ ಕೋಟೆ ಕಟ್ಟಿದರು. ನಡುವಿನ ಚೀಟಿಗಳಲ್ಲಿ ಯುದ್ಧ, ಊಟ, ಇನ್ನೊಂದು ಯುದ್ಧ. ಹನ್ನೊಂದನೆಯದರಲ್ಲಿ ಯಾರೋ ಹೊರಗಿನಿಂದ ಕೋಟೆಯ ಬಾಗಿಲು ಬಡಿದರು. "ಆಗ ದ್ವಾರಪಾಲಕ ಕೈ ಎತ್ತಿದ" ಎಂಬಲ್ಲಿಗೆ ಆ ಚೀಟಿ ಮುಗಿಯುತ್ತದೆ. ಹನ್ನೆರಡನೆಯ ಪೆಟ್ಟಿಗೆಯಲ್ಲಿ ದ್ವಾರಪಾಲಕನಿದ್ದ, ಅವನ ಎತ್ತಿದ ಕೈ ಇತ್ತು, ಚೀಟಿ ಇರಲಿಲ್ಲ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತು.

ದ್ವಾರಪಾಲಕ ಕೈ ಎತ್ತಿದ್ದು ಬಾಗಿಲು ತೆರೆಯುವುದಕ್ಕೋ, ಮುಚ್ಚುವುದಕ್ಕೋ?

ಊರು ಎರಡಾಯಿತು. ತೆರೆಯುವವರು ಮೂಡಣ ಬೀದಿಯಲ್ಲಿ ನೆಲೆಸಿದರು, ಮುಚ್ಚುವವರು ಪಡುವಣ ಬೀದಿಯಲ್ಲಿ. ಮೂಡಣ ಬೀದಿಯವರು ನಂಬಿಕೆಗೆ ತಕ್ಕಂತೆ ಮನೆಯ ಬಾಗಿಲನ್ನು ಎಂದೂ ಮುಚ್ಚುತ್ತಿರಲಿಲ್ಲ. ಆದ್ದರಿಂದ ಅವರ ಅನ್ನವನ್ನು ಹೆಚ್ಚಾಗಿ ನಾಯಿಗಳೇ ಉಣ್ಣುತ್ತಿದ್ದವು. ಪಡುವಣ ಬೀದಿಯವರು ಬಾಗಿಲನ್ನು ಎಂದೂ ತೆರೆಯುತ್ತಿರಲಿಲ್ಲ. ವಯಸ್ಸಾದವರು ಕೂಡ ಕಿಟಕಿ ಹತ್ತಿ ಒಳಗೆ ಹೋಗುತ್ತಿದ್ದರು. ಎರಡು ಬೀದಿಗಳ ನಡುವೆ ಹೆಣ್ಣು ಕೊಡುವುದು ತರುವುದು ನಿಂತುಹೋಯಿತು. ಬಾಗಿಲಿನ ವಿಷಯದಲ್ಲೇ ಒಮ್ಮತವಿಲ್ಲದವರು ಸಂಸಾರ ಹೇಗೆ ಮಾಡುವುದು?

ಪ್ರತಿ ಬುಧವಾರ ಮಧ್ಯಾಹ್ನ, ಊಟವಾದ ಮೇಲೆ, ಎರಡೂ ಬೀದಿಯವರು ಕಾರ್ಖಾನೆಯ ಪೆಟ್ಟಿಗೆ ಕಟ್ಟುವ ಕೋಣೆಯಲ್ಲಿ ಸೇರುತ್ತಿದ್ದರು. ಮೊಣಕೈವರೆಗೆ ಕೈ ತೊಳೆದು, ಬಿಳಿಯ ಕೈಗವಸು ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಎದುರಿಗೆ ಹಲಗೆಯ ಮೇಲೆ ಹನ್ನೆರಡು ಗೊಂಬೆ. ಹಲಗೆಯ ಮುಂದೆ ಒಂದು ಕೆಂಪು ದಾರ. ಗೊಂಬೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಮುಟ್ಟದಿರುವುದಕ್ಕೂ ಕೈ ಶುದ್ಧವಾಗಿರಬೇಕು. ಹನ್ನೊಂದು ಚೀಟಿಗಳನ್ನು ಒಕ್ಕೊರಲಿನಿಂದ ಪಠಿಸುತ್ತಿದ್ದರು. ಹನ್ನೆರಡನೆಯದರ ಸರದಿ ಬಂದಾಗ ಒಂದು ಚೀಟಿ ಪಠಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಮಾತಾಡಬೇಕೆಂದವರು ಎದ್ದು "ಚೀಟಿ ಸಾಕ್ಷಿ" ಎನ್ನಬೇಕು. ಉಳಿದವರು "ಸಾಕ್ಷಿ" ಎನ್ನಬೇಕು. ಆಮೇಲೆ ವಾದ.

ಸಭೆಗೆ ಮುನ್ನೂರ ನಲವತ್ತು ನಿಯಮಗಳಿದ್ದವು. ಎರಡನ್ನು ತಿಳಿದುಕೊಂಡರೆ ಸಾಕು. ಒಂದು: ಚೀಟಿಯಲ್ಲಿ ಇಲ್ಲದ್ದು ಇಲ್ಲ. ಎರಡು: ಚೀಟಿಯಲ್ಲಿ ಇರುವುದಕ್ಕೆ ಎಷ್ಟು ಅರ್ಥ ಬೇಕಾದರೂ ಇದೆ.

ಊರಿನಲ್ಲಿ ಒಬ್ಬ ಬಣ್ಣದವನಿದ್ದ. ಕಾರ್ಖಾನೆ ನಡೆಯುತ್ತಿದ್ದಾಗ ಕೋಟೆ ಗೊಂಬೆಗಳಿಗೆಲ್ಲ ಅರಗಿನ ಬಣ್ಣ ಹಚ್ಚಿದವನು ಅವನೇ. ಅವನ ಮನೆ ಎರಡು ಬೀದಿಗಳ ನಡುವಿನ ಓಣಿಯಲ್ಲಿತ್ತು. ಬಾಗಿಲನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುತ್ತಿದ್ದ. ಅದೇ ಅನುಮಾನಕ್ಕೆ ಎಡೆಮಾಡಿತ್ತು. ಒಂಬತ್ತು ವರ್ಷದ ಹಿಂದೆ ಒಂದು ಬುಧವಾರ, ವಾದ ಕೈಕೈ ಮಿಲಾಯಿಸುವ ಹಂತಕ್ಕೆ ಹೋದಾಗ, ಆತ ಎದ್ದು ನಿಂತ. ಜಗಳ ಬಿಡಿಸಬೇಕೆಂಬುದಷ್ಟೇ ಅವನ ಮನಸ್ಸಿನಲ್ಲಿತ್ತು.

"ಸ್ವಾಮಿ, ಗೊಂಬೆ ಪೆಟ್ಟಿಗೇಲಿ ಅಲ್ಲಾಡದೆ ಇರಲಿ ಅಂತ ಒಂದು ಕಾಗದ ತುರುಕ್ತಿದ್ವಿ. ಬರೀ ಕಾಗದ ಚೆನ್ನಾಗಿ ಕಾಣಲ್ಲ ಅಂತ ಗುಮಾಸ್ತರು ಊಟ ಮಾಡ್ತಾ ಮಾಡ್ತಾ ನಾಲ್ಕು ಸಾಲು ಬರೆದು ಅಚ್ಚು ಹಾಕಿಸಿದ್ರು. ಹನ್ನೆರಡನೇ ಗೊಂಬೆ ಪೆಟ್ಟಿಗೆಗೆ ಬಿಗಿಯಾಗಿ ಕೂತುಬಿಡ್ತು. ಕಾಗದ ಬೇಕಾಗಲಿಲ್ಲ. ಅಷ್ಟೇ."

ಜಗಳ ನಿಜಕ್ಕೂ ನಿಂತಿತು. ಆಮೇಲೆ ಸಭೆಯ ಹಿರಿಯ ಎದ್ದು ಬಣ್ಣದವನ ಕಡೆ ಬೆನ್ನು ಮಾಡಿ ನಿಂತ. ಅವನ ಪಕ್ಕದವನು ಎದ್ದು ಬೆನ್ನು ಮಾಡಿದ. ಅವನ ಪಕ್ಕದವಳು ಎದ್ದು ಬೆನ್ನು ಮಾಡಿದಳು. ಹೀಗೆ ಒಬ್ಬೊಬ್ಬರಾಗಿ ಕೋಣೆಯೆಲ್ಲ ಬೆನ್ನಾಯಿತು. ಇದಕ್ಕೆ ಮೌನ ಹಾಕುವುದು ಎಂದು ಹೆಸರು. ಮೌನ ಹಾಕಿಸಿಕೊಂಡವನ ಜೊತೆ ಸಭೆಯವರು ಯಾರೂ ಮಾತಾಡುವಂತಿಲ್ಲ. ಊರಿನ ಎಲ್ಲರೂ ಸಭೆಯವರೇ. ಯಾರಾದರೂ ಮಾತಾಡಿದರೆ, ಮಾತಾಡಿದವರನ್ನಲ್ಲ, ಮೌನ ಹಾಕಿಸಿಕೊಂಡವನನ್ನೇ ಊರಿನ ಗಡಿಯಾಚೆ ಬಿಟ್ಟುಬರುತ್ತಾರೆ. ಹನ್ನೆರಡನೆಯ ಚೀಟಿ ಸಿಗುವವರೆಗೆ ಈ ಶಿಕ್ಷೆ.

ಬಣ್ಣದವನ ಹೆಂಡತಿಯೂ ಸಭೆಯವಳೇ. ಅವಳ ಬೆನ್ನೂ ಅವತ್ತು ಆ ಸಾಲಿನಲ್ಲಿತ್ತು.

ಒಂಬತ್ತು ವರ್ಷ ಅವಳು ಗಂಡನಿಗೆ ಬಡಿಸಿದಳು, ಮಾತಾಡಲಿಲ್ಲ. ಅವನ ಅಂಗಿ ಒಗೆದಳು, ಮಾತಾಡಲಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಮಾತಾಡಲಿಲ್ಲ. ಮಾತಾಡಿದರೆ ಅವನು ಗಡಿಯಾಚೆ. ಗೋಡೆಗಳಿಗೆ ಕಿವಿ ಇಲ್ಲದಿದ್ದರೂ ಓಣಿಯವರಿಗೆ ಇದ್ದವು. ಎರಡನೆಯ ವರ್ಷ ಅವಳು ಪೊರಕೆಗೆ ಹೇಳುವ ಹಾಗೆ ಗಂಡನಿಗೆ ಕೇಳಿಸುವಂತೆ ಮನೆಯ ಸುದ್ದಿಗಳನ್ನು ಹೇಳತೊಡಗಿದಳು. ಸಭೆಗೆ ತಿಳಿಯಿತು. ಪೊರಕೆಯ ಜೊತೆಗೂ ಮಾತಾಡಬಾರದೆಂಬ ಉಪನಿಯಮ ಬಂತು. ಬಣ್ಣದವನು ಮೊದಮೊದಲು ತಾನೇ ಮಾತಾಡುತ್ತಿದ್ದ. ಉತ್ತರ ಬರುವುದಿಲ್ಲವೆಂದು ಅರ್ಥವಾದ ಮೇಲೆ ಕಡಿಮೆ ಮಾಡಿದ, ಆಮೇಲೆ ಬಿಟ್ಟ. ಹೋದ ವಾರ ಅವನ ಕಾಲಿನ ಮೇಲೆ ಗುಂಡುಕಲ್ಲು ಉರುಳಿತು. ಅವನು ಬಾಯಿ ತೆರೆದ. ದನಿ ಬರಲಿಲ್ಲ. ಅಯ್ಯೋ ಎನ್ನುವುದಕ್ಕೂ ಬರಲಿಲ್ಲ.

ಅವಳು ಆ ತೆರೆದ ಬಾಯಿಯನ್ನು ನೋಡಿದಳು. ಇನ್ನು ಸ್ವಲ್ಪ ದಿನ ಕಳೆದರೆ ಗಂಡನಿಗೆ ಮಾತೇ ಮರೆತುಹೋಗುತ್ತದೆಂದು ಅವಳಿಗೆ ತಿಳಿಯಿತು. ಬುಧವಾರ ಬಂತು. ಅವಳು ಕೈ ತೊಳೆದುಕೊಂಡಳು, ಕೈಗವಸು ಹಾಕಿಕೊಂಡಳು, ಪಠಣ ಮುಗಿಯುವವರೆಗೆ ಕಾದಳು, ಎದ್ದಳು.

"ಚೀಟಿ ಸಾಕ್ಷಿ."

"ಸಾಕ್ಷಿ."

"ನಮ್ಮನೆಯವರ ಮೌನ ತೆಗೀರಿ ಹಿರಿಯರೇ. ಅವರ ದನಿ ಹೋಗ್ತಾ ಇದೆ."

ಹಿರಿಯ ಮೆದು ಮಾತಿನವನು. "ಹನ್ನೆರಡನೆಯ ಚೀಟಿ ಸಿಕ್ಕಿತೇನಮ್ಮ?"

"ಇಲ್ಲ."

"ಸಿಕ್ಕಿದ ದಿನವೇ ತೆಗೆಯೋಣ. ಒಂದು ಗಳಿಗೆ ತಡ ಮಾಡೋದಿಲ್ಲ."

"ಆ ಚೀಟಿ ಇಲ್ಲ ಅಂದದ್ದಕ್ಕೇ ಅಲ್ವೇ ನೀವು ಮೌನ ಹಾಕಿದ್ದು?"

"ಅದಕ್ಕೇ. ಚೀಟಿ ಸಿಕ್ಕಿದರೆ ಅವನು ಹೇಳಿದ್ದು ತಪ್ಪು ಅಂತ ಸಾಬೀತಾಗುತ್ತೆ. ತಪ್ಪು ಮಾಡಿದವನನ್ನ ಕ್ಷಮಿಸಬಹುದು. ತಪ್ಪೋ ಸರಿಯೋ ಗೊತ್ತಿಲ್ಲದವನನ್ನ ಹೇಗಮ್ಮ ಕ್ಷಮಿಸೋದು?"

ಸಭೆ ತಲೆದೂಗಿತು. ಹಿರಿಯನ ನ್ಯಾಯಬುದ್ಧಿಗೆ ತಲೆದೂಗಿ ತಲೆದೂಗಿ ಆ ಊರಿನಲ್ಲಿ ಎಲ್ಲರಿಗೂ ಕತ್ತುನೋವಿತ್ತು.

ಅವಳು ನಿಯಮಗಾರನ ಕಡೆ ತಿರುಗಿದಳು. ನಿಯಮಗಾರನೆಂದರೆ ಮುನ್ನೂರ ನಲವತ್ತು ನಿಯಮಗಳನ್ನೂ ಬಾಯಿಪಾಠ ಮಾಡಿಕೊಂಡವನು. ಹೆಂಡತಿ ಮಕ್ಕಳ ಹೆಸರುಗಳನ್ನು ಆಗಾಗ ಮರೆಯುತ್ತಿದ್ದ. "ಒಂದು ಕೇಳ್ತೀನಿ ಸ್ವಾಮಿ. ಮೌನದವರ ಜೊತೆ ಯಾರು ಮಾತಾಡಬಾರದು?"

"ಸಭೆಯವರು ಯಾರೂ."

"ಇನ್ನೊಬ್ಬ ಮೌನದವರು ಮಾತಾಡಿದರೆ?"

ನಿಯಮಗಾರ ಕಣ್ಣುಮುಚ್ಚಿ ಒಂದರಿಂದ ಮುನ್ನೂರ ನಲವತ್ತರವರೆಗೆ ಒಳಗೊಳಗೇ ಓಡಿ ಬಂದ. "ಅದಕ್ಕೆ ನಿಯಮವಿಲ್ಲ. ಇದುವರೆಗೆ ಮೌನ ಬಿದ್ದವರು ಊರು ಬಿಟ್ಟೇ ಹೋಗಿದ್ದಾರೆ, ನಿಮ್ಮ ಯಜಮಾನರೊಬ್ಬರೇ ಉಳಿದಿರೋದು. ಇಬ್ಬರು ಒಂದೇ ಕಾಲಕ್ಕೆ ಇದ್ದದ್ದೇ ಇಲ್ಲ. ಇದ್ದರೂ, ನಮ್ಮ ಪಾಲಿಗೆ ಸತ್ತವರು ತಾನೇ? ಸತ್ತವರು ತಮ್ಮ ತಮ್ಮಲ್ಲಿ ಏನು ಮಾತಾಡಿಕೊಂಡರೆ ನಮಗೇನು?"

"ಆಗಲಿ," ಎಂದಳು ಅವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ತನಗೂ ಮೌನ ಹಾಕಿಸಿಕೊಂಡು ಮನೆಗೆ ಹೋಗುವುದೆಂದು ನಿಶ್ಚಯಿಸಿದಳು. ಅದೇನು ಕಷ್ಟದ ಕೆಲಸವೆಂದು ಅವಳಿಗೆ ಅನ್ನಿಸಲಿಲ್ಲ. ಗಂಡ ಒಂದೇ ಮಾತಿನಲ್ಲಿ ಸಾಧಿಸಿದ್ದ.

"ಚೀಟಿ ಸಾಕ್ಷಿ."

"ಸಾಕ್ಷಿ."

"ಆ ಚೀಟಿಗಳು ಪೆಟ್ಟಿಗೆಯೊಳಗೆ ಗೊಂಬೆ ಅಲ್ಲಾಡದೆ ಇರಲಿ ಅಂತ ತುರುಕಿದ ಕಾಗದ. ಕಥೆ ಬರೆದದ್ದು ಗುಮಾಸ್ತರು, ಊಟ ಮಾಡ್ತಾ."

ಹೇಳಿ, ಬೆನ್ನುಗಳಿಗಾಗಿ ಕಾದಳು. ಒಬ್ಬರೂ ಎದ್ದೇಳಲಿಲ್ಲ. ಕೆಲವರು ಅವಳ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದರು.

"ಒಂದು ಅಕ್ಷರವೂ ಬಿಡದೆ ಹೇಳಿದಿರಿ," ಎಂದ ನಿಯಮಗಾರ ಮೆಚ್ಚಿಕೊಂಡು. "ನಿಯಮ ಇನ್ನೂರ ಆರು, ಉದಾಹರಣೆ. ಏನನ್ನು ಹೇಳಬಾರದು ಅನ್ನೋದಕ್ಕೆ ನಿಮ್ಮ ಯಜಮಾನರ ಮಾತನ್ನೇ ಚಿಕ್ಕದು ಮಾಡಿ ಸೇರಿಸಿಕೊಂಡಿದ್ದೇವೆ. ಸಭೆಗೆ ಹೊಸದಾಗಿ ಸೇರುವವರು ಇದನ್ನ ಕಂಠಪಾಠ ಮಾಡಿಯೇ ಬರಬೇಕು. ನಿಮ್ಮ ಉಚ್ಚಾರ ಚೆನ್ನಾಗಿದೆ."

ಅವಳು ಮತ್ತೆ ಶುರುಮಾಡಿದಳು. ಈ ಸಲ ಸ್ವಂತ ಮಾತು.

"ಚೀಟಿ ಸಾಕ್ಷಿ. ಈ ಕಥೆ ಸುಳ್ಳು. ಒಂದರಿಂದ ಹನ್ನೊಂದರವರೆಗೆ ಅಷ್ಟೂ ಸುಳ್ಳು."

ತೆರೆಯುವವರ ಪಂಡಿತ ಜಿಗಿದು ಎದ್ದ. ಅವನು ಆ ಎತ್ತಿದ ಕೈಯ ಬಗ್ಗೆ ನಾಲ್ಕು ಸಂಪುಟ ಬರೆದವನು. ಐದನೆಯದು ಹೆಬ್ಬೆರಳಿನ ಬಗ್ಗೆ ಬರಲಿತ್ತು. "ಎಂಥಾ ಮಾತು ಹೇಳಿದಿರಿ ತಾಯಿ! ಏಳನೆಯ ಚೀಟಿ! 'ನನ್ನ ಮಾತನ್ನು ನಂಬಬೇಡಿ ಎಂದಳು ರಾಣಿ.' ಕಥೆ ತನ್ನನ್ನು ತಾನೇ ಸುಳ್ಳು ಅಂತ ಒಪ್ಪಿಕೊಂಡಿದೆ! ಹಾಗಾದರೆ ಬಾಗಿಲು ಬಡಿದದ್ದೂ ಸುಳ್ಳು. ಬಡಿಯದ ಬಾಗಿಲನ್ನ ಮುಚ್ಚೋ ಅಗತ್ಯವೇ ಇಲ್ಲ. ತೆರೆಯುವುದೇ ಸರಿ!"

ಮುಚ್ಚುವವರ ಪಂಡಿತೆ ಕೂತಲ್ಲಿಂದಲೇ ನಕ್ಕಳು. ಅವಳು ಏನನ್ನೂ ಬರೆದಿರಲಿಲ್ಲ. ಮುಚ್ಚಿದ ಬಾಯಿಯೇ ತನ್ನ ಪಕ್ಷದ ವಾದವೆಂದು ಹೇಳುತ್ತ ದಿನವಿಡೀ ಮಾತಾಡುತ್ತಿದ್ದಳು. "ನಿನ್ನ ತಲೆ. ಯಾರೂ ಬಡಿದಿಲ್ಲ ಅಂದಮೇಲೆ ತೆರೆಯೋದು ಯಾರಿಗಂತೆ? ನಿಮ್ಮ ಬೀದಿಯ ನಾಯಿಗಳಿಗಾ? ಈಯಮ್ಮ ನಮ್ಮ ಪಕ್ಷಕ್ಕೆ ಬಂದಿದ್ದಾಳೆ ಕಣಯ್ಯ, ಕಣ್ಣು ಬಿಟ್ಟು ನೋಡು."

"ಕಿಟಕಿಯಿಂದ ನೋಡಿದರೆ ಹಾಗೇ ಕಾಣೋದು."

"ಹೌದಪ್ಪ, ಕಿಟಕಿ ಹತ್ತೋಕೆ ಮೈಯಲ್ಲಿ ಶಕ್ತಿ ಬೇಕು. ನಾಯಿ ಬಿಟ್ಟು ಉಳಿದ ಅನ್ನ ತಿಂದರೆ ಎಲ್ಲಿಂದ ಬರುತ್ತೆ?"

ಹಿರಿಯ ಮೇಜು ತಟ್ಟಿದ. ಬಣ್ಣದವನ ಹೆಂಡತಿ ಯಾವ ಪಕ್ಷದವಳೆಂದು ತೀರ್ಮಾನಿಸುವುದಕ್ಕೆ ಉಪಸಮಿತಿಯೊಂದು ನೇಮಕವಾಯಿತು.

ಅವಳ ಮುಖ ಕೆಂಪೇರಿತು. ಸಾಕ್ಷಿ ಹೇಳುವುದನ್ನೂ ಮರೆತು ಕೂಗಿದಳು. "ನಿಮಗೆಲ್ಲ ಬುದ್ಧಿ ಇದೆಯಾ? ಮೂರ್ಖರು! ಇಷ್ಟು ಜನ ಕೂತಿದ್ದೀರಿ, ಒಬ್ಬರ ತಲೆಯಲ್ಲೂ ಮಣ್ಣು ಬಿಟ್ಟು ಬೇರೇನಿಲ್ಲ!"

ಈಗ ಎಲ್ಲರೂ ಎದ್ದರು. ಅವಳ ಎದೆ ಹಗುರವಾಯಿತು. ಆದರೆ ಅವರು ತಿರುಗಲಿಲ್ಲ. ಕೈ ಮುಗಿದರು.

"ಒಂಬತ್ತನೆಯ ಚೀಟಿ," ಎಂದ ಹಿರಿಯ ಗದ್ಗದಿತನಾಗಿ. "'ವಿದೂಷಕ ಎಲ್ಲರನ್ನೂ ಮೂರ್ಖರೆಂದು ಕರೆದ. ಎಲ್ಲರೂ ಸಂತೋಷಪಟ್ಟರು.' ಇಷ್ಟು ವರ್ಷ ನಮ್ಮನ್ನ ಹೀಗೆ ಕರೆಯೋರು ಯಾರೂ ಇರಲಿಲ್ಲ ತಾಯಿ. ಪ್ರತಿ ಬುಧವಾರ ಬಂದು ಬೈದು ಹೋಗಿ. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಹಾಕಿಸ್ತೇವೆ."

"ಮೆತ್ತೆ ಇರೋ ಕುರ್ಚಿ," ಎಂದ ತೆರೆಯುವವರ ಪಂಡಿತ.

ಸಭೆ ಸಂತೋಷಪಟ್ಟಿತು. ಅವಳಿಗೆ ಅಳು ಬಂತು. ಮನೆಯಲ್ಲಿ ಆ ಬಾಯಿ ತೆರೆದುಕೊಂಡಿತ್ತು, ಅದರಿಂದ ದನಿ ಬರುತ್ತಿರಲಿಲ್ಲ. ಇಲ್ಲಿ ಇಷ್ಟು ಬಾಯಿಗಳಿದ್ದವು. ಯಾವ ಮಾತು ಎಸೆದರೂ ಅವು ನುಂಗಿ, ಚಪ್ಪರಿಸಿ, ಇನ್ನೊಂದಿಷ್ಟು ಹಾಕಿ ಎನ್ನುತ್ತಿದ್ದವು. ಮಾತಿನಿಂದ ಈ ಜನರನ್ನು ನೋಯಿಸಲು ಸಾಧ್ಯವಿಲ್ಲವೆಂದು ಅವಳಿಗೆ ಹೊಳೆಯಿತು. ಅವಳು ಬಾಯಿ ಮುಚ್ಚಿದಳು. ಕೈಗವಸು ಬಿಚ್ಚಿ ನೆಲಕ್ಕೆ ಹಾಕಿದಳು. ಕೆಂಪು ದಾರವನ್ನು ಹೊಸಿಲು ದಾಟುವಷ್ಟು ಸಲೀಸಾಗಿ ದಾಟಿದಳು. ದ್ವಾರಪಾಲಕನನ್ನು ಕುತ್ತಿಗೆ ಹಿಡಿದು ಎತ್ತಿದಳು.

ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಇಂಥದ್ದು ನಡೆಯಬಹುದೆಂದು ಮೊದಲು ಯಾರಿಗಾದರೂ ತೋಚಿರಬೇಕು.

ದ್ವಾರಪಾಲಕನ ಕಾಲಿನ ಕೆಳಗೆ ನಾಲ್ಕು ಪುಟ್ಟ ಚಕ್ರಗಳಿದ್ದವು. ಅವು ನಾಲ್ಕು ದಿಕ್ಕುಗಳೆಂದು ಕೆಲವರು, ನಾಲ್ಕು ಕರ್ತವ್ಯಗಳೆಂದು ಕೆಲವರು, ಆಗಲೇ ನೂರ ಹನ್ನೆರಡು ಉಪನ್ಯಾಸಗಳಾಗಿದ್ದವು. ಮುಂದೆ ಒಂದು ತೂತಿತ್ತು. ಅದು ಶೂನ್ಯವೆಂಬುದರಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಒಮ್ಮತವಿತ್ತು. ಅವಳು ಹಲಗೆಯ ಮುಂದಿನ ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಆ ತೂತಿನಲ್ಲಿ ಪೋಣಿಸಿ ಗಂಟು ಹಾಕಿದಳು. ಗೊಂಬೆಯನ್ನು ನೆಲಕ್ಕಿಟ್ಟಳು. ಎಳೆದಳು.

ಟಕ್ ಟಕ್ ಟಕ್ ಟಕ್.

ಚಕ್ರಗಳು ತಿರುಗಿದವು. ದ್ವಾರಪಾಲಕ ನಡೆದ. ನಡೆಯುತ್ತಿದ್ದಂತೆ ಅವನ ಎತ್ತಿದ ಕೈ ಕೆಳಗಿಳಿಯಿತು, ಮೇಲೇರಿತು, ಮತ್ತೆ ಕೆಳಗಿಳಿಯಿತು. ಎಳೆದಷ್ಟು ಹೊತ್ತೂ ಇಳಿಯಿತು, ಏರಿತು. ಅವಳು ಮೊದಲ ಸಾಲಿನ ಮುಂದೆ ಎಳೆದುಕೊಂಡು ಹೋದಳು. ಹಿರಿಯನ ಕಾಲು ಅಡ್ಡ ಬಂದಾಗ "ಹೇ, ದಾರಿ ಬಿಡು!" ಎಂದು ದಪ್ಪ ದನಿಯಲ್ಲಿ ದ್ವಾರಪಾಲಕನ ಪರವಾಗಿ ಗದರಿಸಿದಳು. ಗೋಡೆಯವರೆಗೆ ಹೋಗಿ ತಿರುಗಿ ಬಂದಳು. ಮಧ್ಯದಲ್ಲೆಲ್ಲೋ, ತಾನು ಯಾಕೆ ಬಂದೆನೆಂಬುದು ಅರೆಗಳಿಗೆ ಮರೆತು, ನಕ್ಕಳು.

ಎರಡೂ ಪಕ್ಷದವರು ಆ ಕೈಯನ್ನು ನೋಡುತ್ತಿದ್ದರು. ಪಂಡಿತೆ ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದಳು.

"ಯಾವ ಚೀಟಿ?" ಎಂದು ಹಿರಿಯ ಪಿಸುಗುಟ್ಟಿದ.

"ಯಾವುದೂ ಇಲ್ಲ," ಎಂದ ನಿಯಮಗಾರ. "ಆಟ ಆಡಿದ್ದಕ್ಕೆ ಯಾವ ಚೀಟಿಯೂ ಇಲ್ಲ."

"ನಿಯಮ?"

"ಆಡಬಾರದು ಅಂತಲೂ ಇಲ್ಲ. ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ."

ಹಾಗೆ ಮುನ್ನೂರ ನಲವತ್ತೊಂದನೆಯ ನಿಯಮ ಹುಟ್ಟಿತು. ಅದರ ಮೇಲೆ ಚರ್ಚೆ ನಡೆಯಲಿಲ್ಲ. ತೆರೆಯುವವರು ಮುಚ್ಚುವವರ ಮುಖ ನೋಡಿದರು, ಮುಚ್ಚುವವರು ತೆರೆಯುವವರ ಮುಖ ನೋಡಿದರು. ಕಾರ್ಖಾನೆ ಮುಚ್ಚಿದಂದಿನಿಂದ ಮೊದಲ ಸಲ ಊರು ಒಂದಾಯಿತು. ಕೆಲವರಂತೂ ಆ ಒಗ್ಗಟ್ಟನ್ನು ಕಂಡು ಕಣ್ಣೊರೆಸಿಕೊಂಡರು. ಆಮೇಲೆ ಹಿರಿಯ ಅವಳ ಕಡೆ ಬೆನ್ನು ಮಾಡಿದ. ಅವನ ಪಕ್ಕದವನು ಬೆನ್ನು ಮಾಡಿದ. ಅವನ ಪಕ್ಕದವಳು ಬೆನ್ನು ಮಾಡಿದಳು. ಒಬ್ಬೊಬ್ಬರಾಗಿ ಕೋಣೆಯೆಲ್ಲ ಬೆನ್ನಾಯಿತು. ಅವಳು ಎಷ್ಟು ಚೆಂದದ ಬೆನ್ನುಗಳು ಎಂದುಕೊಂಡಳು. ಗೊಂಬೆಯನ್ನು ಹಲಗೆಗೆ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿಕೊಂಡು, ಓಡುವುದು ಬೇಡವೆಂದುಕೊಳ್ಳುತ್ತಲೇ ಓಡಿದಳು.

ಬಣ್ಣದವನು ಹಿತ್ತಿಲಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನೊಡ್ಡಿ ಹೀರೇಕಾಯಿ ಹೆರೆಯುತ್ತಿದ್ದ. ಅವಳು ಎದುರಿಗೆ ಬಂದು ಏದುಸಿರು ಬಿಡುತ್ತ ನಿಂತಳು. ಮೊದಲ ಮಾತು ಏನಾಗಿರಬೇಕೆಂದು ಅವಳು ಒಂಬತ್ತು ವರ್ಷ ಯೋಚಿಸಿದ್ದಳು. ಅದು ಬಹಳ ಮೃದುವಾದ ಮಾತಾಗಿತ್ತು. ಬಾಯಿಗೆ ಬಂದದ್ದು ಬೇರೆ.

"ಏನ್ರೀ, ಅವತ್ತು ನಿಮಗೆ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು?"

ಅವನ ಕೈಯಿಂದ ಹೀರೇಕಾಯಿ ಬಿತ್ತು. ಗಾಬರಿಯಿಂದ ಓಣಿಯ ಕಡೆ ನೋಡಿದ. ಬೇಡ, ಬೇಡ ಎಂದು ಎರಡೂ ಕೈ ಆಡಿಸಿದ.

"ಯಾರು ಕೇಳಿಸ್ಕೊಂಡರೂ ಪರವಾಗಿಲ್ಲ. ನನಗೂ ಹಾಕಿದರು. ಇನ್ನು ನಾವಿಬ್ಬರೂ ಸತ್ತವರೇ. ಮಾತಾಡಿ."

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಗಂಟಲಿನ ಗಂಟು ಮೇಲೆ ಕೆಳಗೆ ಆಡಿತು. ಮತ್ತೆ ತೆರೆದ. ಗಾಳಿ ಬಂತು. ತಡವಾಯಿತೇನೋ ಎಂದುಕೊಂಡು ಅವಳು ಅವನ ಪಕ್ಕದಲ್ಲಿ ಕುಸಿದು ಕೂತಳು. ಅವನು ಕೆಮ್ಮಿದ, ಉಗುಳು ನುಂಗಿದ, ಅವಳ ಮೊಣಕೈ ಹಿಡಿದುಕೊಂಡ.

"ಮು... ಮುಚ್ಕೊಂಡೇ ಇದ್ನಲ್ಲೇ," ಎಂದ. ಗರಗಸದ ಹಾಗಿತ್ತು ದನಿ. "ಒಂಬತ್ತು ವರ್ಷ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತೆ ಏನಾದರೂ ಹೇಳಿ."

ಅವನಿಗೆ ಹೇಳುವುದು ಎಷ್ಟೋ ಇತ್ತು. ಯಾವುದರಿಂದ ಶುರುಮಾಡುವುದು? ಕಾಲ ಬಳಿ ಬಿದ್ದಿದ್ದ ಹೀರೇಕಾಯಿ ಕಣ್ಣಿಗೆ ಬಿತ್ತು.

"ಈ ಬಳ್ಳೀನ ನೀನು ಬಚ್ಚಲ ಗೋಡೆ ಪಕ್ಕ ಹಾಕಬಾರದಿತ್ತು. ಸೋಪಿನ ನೀರು ಕುಡಿದೂ ಕುಡಿದೂ ಕಾಯಿ ಕಹಿಯಾಗುತ್ತೆ."

"ಏನೂ ಕಹಿಯಾಗಲ್ಲ."

"ಆಗುತ್ತೆ ಕಣೇ. ಆರು ವರ್ಷದಿಂದ ತಿಂತಾ ಇದೀನಿ."

"ನಿಮ್ಮ ನಾಲಿಗೆ ಕಹಿ."

ಅವನು ಬಳ್ಳಿಯ ವಿಷಯವನ್ನು ಮೊದಲಿನಿಂದ ವಿವರಿಸಿ ಹೇಳಿದ. ಅವಳು ಒಪ್ಪಲಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು ಹೋಗುವವರೆಗೂ ಒಪ್ಪಲಿಲ್ಲ.